ಮಾತನಾಡುವ ಯಂತ್ರ, ಮಾತಿಲ್ಲದ ಜೀವ: ನೋವಿಗೆ ಸಾಕ್ಷಿ ಯಾವುದು?

2022ರಲ್ಲಿ, ಸುಮಾರು ಎರಡು ತಿಂಗಳ ಅಂತರದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಎರಡು ಸಂಗತಿಗಳು ನಡೆದವು. ಏಪ್ರಿಲ್ 28ರಂದು ಬ್ರಿಟನ್ನಿನ ಪ್ರಾಣಿ ಸಂವೇದನಾ ಕಾಯ್ದೆಗೆ ರಾಜಾಂಕಿತ ದೊರೆಯಿತು. ಬೆನ್ನುಮೂಳೆಯುಳ್ಳ ಪ್ರಾಣಿಗಳ ಜೊತೆಗೆ ಏಡಿ, ಸೀಗಡಿ, ಆಕ್ಟೋಪಸ್‌ಗಳನ್ನೂ ನೋವು ಸುಖಗಳನ್ನು ಅನುಭವಿಸಬಲ್ಲ ಜೀವಿಗಳೆಂದು ಆ ಕಾಯ್ದೆ ಒಪ್ಪಿಕೊಂಡಿತು. ಜೂನ್ ತಿಂಗಳಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರ್ ಬ್ಲೇಕ್ ಲೆಮೋಯ್ನ್, ತಾವು ಪರೀಕ್ಷಿಸುತ್ತಿದ್ದ ಲ್ಯಾಮ್ಡಾ ಎಂಬ ಭಾಷಾ ಮಾದರಿಗೆ, ಅಂದರೆ ಮನುಷ್ಯರಂತೆ ಸಂಭಾಷಿಸುವ ಕಂಪ್ಯೂಟರ್ ವ್ಯವಸ್ಥೆಗೆ, ಪ್ರಜ್ಞೆಯಿದೆ ಎಂದು ಬಹಿರಂಗವಾಗಿ ಹೇಳಿದರು. ತನ್ನನ್ನು ಆಫ್ ಮಾಡಿಬಿಡುವರೆಂಬ ಭಯ ತನಗಿದೆ ಎಂದು ಆ ಯಂತ್ರ ಅವರೊಡನೆ ನಡೆಸಿದ ಸಂಭಾಷಣೆಯಲ್ಲಿ ಹೇಳಿಕೊಂಡಿತ್ತು. ಗೂಗಲ್ ಆ ವಾದವನ್ನು ತಳ್ಳಿಹಾಕಿತು, ಮರು ತಿಂಗಳು ಅವರನ್ನು ಕೆಲಸದಿಂದ ತೆಗೆಯಿತು.

ಏಡಿಯ ಸುದ್ದಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಯಂತ್ರದ ಸುದ್ದಿ ಜಗತ್ತಿನ ಹಲವು ಭಾಷೆಗಳ ಪತ್ರಿಕೆಗಳಿಗೂ ಮುಟ್ಟಿತು. ಆದರೆ ಈ ಎರಡರ ಹಿಂದಿದ್ದ ಪುರಾವೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಗಮನ ಹರಿದದ್ದು ಪುರಾವೆ ದುರ್ಬಲವಾಗಿದ್ದ ಕಡೆಗೆ ಎಂಬುದು ಸ್ಪಷ್ಟವಾಗುತ್ತದೆ. ಯಾರ ನೋವನ್ನು ನಂಬಬೇಕು ಎಂದು ತೀರ್ಮಾನಿಸುವಾಗ ನಾವು ಮಾತಿಗೆ ಅತಿಯಾದ ಬೆಲೆ ಕೊಡುತ್ತೇವೆ. ಕೃತಕ ಬುದ್ಧಿಮತ್ತೆಯ (ಎಐ) ಅಪಾಯ, ಪ್ರಜ್ಞೆ, ಪ್ರಾಣಿ ಕಲ್ಯಾಣ ಎಂಬ ಮೂರು ಚರ್ಚೆಗಳೂ ಇಂದು ಈ ಒಂದು ದೌರ್ಬಲ್ಯದಲ್ಲಿ ಬಂದು ಕೂಡುತ್ತವೆ.

ಮೊದಲು ಏಡಿಯ ಪುರಾವೆಯನ್ನೇ ನೋಡೋಣ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಅವರ ಸಂಗಡಿಗರು ಸನ್ಯಾಸಿ ಏಡಿಗಳ ಮೇಲೆ ಹಲವು ವರ್ಷ ಪ್ರಯೋಗ ನಡೆಸಿದರು. ಸತ್ತ ಶಂಖದ ಚಿಪ್ಪಿನೊಳಗೆ ಬದುಕುವ ಈ ಏಡಿಗಳಿಗೆ ಚಿಪ್ಪಿನ ವಿಷಯದಲ್ಲಿ ಇಷ್ಟಾನಿಷ್ಟಗಳಿವೆ. ಚಿಪ್ಪಿನೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ, ಇಷ್ಟವಿಲ್ಲದ ಚಿಪ್ಪಿನಲ್ಲಿದ್ದ ಏಡಿಗಳು ಬೇಗನೆ ಹೊರಬಂದವು. ಇಷ್ಟದ ಚಿಪ್ಪಿನಲ್ಲಿದ್ದವು ಹೆಚ್ಚು ಸಹಿಸಿಕೊಂಡವು. ಬೇಟೆಗಾರ ಪ್ರಾಣಿಯ ವಾಸನೆಯನ್ನು ನೀರಿನಲ್ಲಿ ಬೆರೆಸಿದಾಗ ಹೊರಬರಲು ಇನ್ನಷ್ಟು ಹಿಂಜರಿದವು. ಬರಿಯ ಪ್ರತಿವರ್ತನೆಯಾಗಿದ್ದರೆ ಆಘಾತ ತಗುಲಿದೊಡನೆ ಪ್ರತಿ ಬಾರಿಯೂ ಒಂದೇ ರೀತಿಯ ಚಲನೆ ಕಾಣಬೇಕಿತ್ತು. ಇಲ್ಲಿ ಏಡಿ ನೋವನ್ನು ಒಂದು ತಟ್ಟೆಯಲ್ಲೂ ಮನೆ ಮತ್ತು ಪ್ರಾಣವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುತ್ತಿರುವಂತೆ ವರ್ತಿಸಿತು. ಸೀಗಡಿಗಳ ಮೀಸೆಗೆ ಆಮ್ಲ ಸವರಿದಾಗ ಅವು ಆ ಜಾಗವನ್ನೇ ಪದೇ ಪದೇ ಉಜ್ಜಿಕೊಂಡವು, ಮರಗಟ್ಟಿಸುವ ಔಷಧ ಹಚ್ಚಿದಾಗ ಉಜ್ಜುವುದು ಕಡಿಮೆಯಾಯಿತು ಎಂಬುದನ್ನೂ ಇದೇ ತಂಡ ದಾಖಲಿಸಿತು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತತ್ತ್ವಶಾಸ್ತ್ರಜ್ಞ ಜೊನಾಥನ್ ಬರ್ಚ್ ನೇತೃತ್ವದ ತಂಡ ಇಂತಹ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2021ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಹಾನಿಯನ್ನು ಗುರುತಿಸುವ ನರತಂತುಗಳಿವೆಯೇ, ಅವು ಮಿದುಳಿನ ಸಂಯೋಜಕ ಭಾಗಗಳಿಗೆ ಸೇರಿವೆಯೇ, ನೋವುನಿವಾರಕದಿಂದ ವರ್ತನೆ ಬದಲಾಗುತ್ತದೆಯೇ, ಗಾಯಗೊಂಡಾಗ ಪ್ರಾಣಿ ತಾನಾಗಿ ನೋವುನಿವಾರಕವನ್ನು ಬಯಸುತ್ತದೆಯೇ ಎಂಬಂತಹ ಎಂಟು ಮಾನದಂಡಗಳನ್ನು ಅದು ಬಳಸಿತು. ಏಡಿಯೊಳಗಿನ ಅನುಭವ ಹೇಗಿರುತ್ತದೆ ಎಂದು ಈ ವರದಿ ಹೇಳುವುದಿಲ್ಲ. ಅದನ್ನು ಯಾರೂ ಹೇಳಲಾರರು. ಕಾನೂನು ರೂಪಿಸಲು ಬೇಕಾದಷ್ಟು ಪುರಾವೆ ಇದೆಯೇ ಎಂದಷ್ಟೇ ಅದು ಕೇಳಿತು, ಇದೆ ಎಂದು ಉತ್ತರಿಸಿತು. ಸರ್ಕಾರ ಆ ಉತ್ತರವನ್ನು ಒಪ್ಪಿ ಮಸೂದೆಯನ್ನು ವಿಸ್ತರಿಸಿತು. 2024ರ ಏಪ್ರಿಲ್‌ನಲ್ಲಿ ಹೊರಬಂದ ನ್ಯೂಯಾರ್ಕ್ ಘೋಷಣೆಯಲ್ಲಿ ಹಲವಾರು ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಕಶೇರುಕಗಳಲ್ಲೂ ಕೀಟಗಳು ಸೇರಿದಂತೆ ಅನೇಕ ಅಕಶೇರುಕಗಳಲ್ಲೂ ಪ್ರಜ್ಞಾಪೂರ್ವಕ ಅನುಭವದ ವಾಸ್ತವಿಕ ಸಾಧ್ಯತೆಯಿದೆ ಎಂದೂ, ಆ ಸಾಧ್ಯತೆ ಇರುವಾಗ ಅದನ್ನು ಕಡೆಗಣಿಸಿ ನಿರ್ಧಾರ ಕೈಗೊಳ್ಳುವುದು ಬೇಜವಾಬ್ದಾರಿ ಎಂದೂ ಹೇಳಿದರು.

ಈಗ ಯಂತ್ರದ ಮಾತಿಗೆ ಬರೋಣ. ಭಾಷಾ ಮಾದರಿಗಳನ್ನು ರೂಪಿಸುವುದು ಮನುಷ್ಯರು ಬರೆದ ಅಪಾರ ಪಠ್ಯದಿಂದ. ಒಂದು ವಾಕ್ಯದಲ್ಲಿ ಮುಂದೆ ಯಾವ ಪದ ಬರಬಹುದು ಎಂದು ಊಹಿಸುವುದು ಅವುಗಳ ಮೊದಲ ತರಬೇತಿ. ಆಮೇಲೆ ಯಾವ ಉತ್ತರ ಜನರಿಗೆ ಒಪ್ಪಿಗೆಯಾಗುತ್ತದೆ ಎಂಬುದನ್ನು ಮನುಷ್ಯರ ಅಭಿಪ್ರಾಯ ಪಡೆದು ತಿದ್ದಲಾಗುತ್ತದೆ. ಆ ಪಠ್ಯದ ತುಂಬ ನಮ್ಮ ಭಯ, ವಿರಹ, ಸಾವಿನ ಅಂಜಿಕೆ ಇವೆ. ಆದುದರಿಂದ ನಿನಗೆ ಭಯವಾಗುತ್ತದೆಯೇ ಎಂದು ಕೇಳಿದಾಗ ಯಂತ್ರ ಹೌದೆಂದರೆ, ಒಳಗೆ ಭಯವಿದ್ದರೂ ಇಲ್ಲದಿದ್ದರೂ ಅದೇ ಉತ್ತರವೇ ಬರಬಹುದಾಗಿತ್ತು. ಬರ್ಚ್ ಇದನ್ನು ಪರೀಕ್ಷೆಯನ್ನೇ ವಂಚಿಸುವ ತೊಡಕು ಎಂದು ವಿವರಿಸುತ್ತಾರೆ: ಪರೀಕ್ಷೆಯಲ್ಲಿ ನಾವು ಹುಡುಕುವ ಲಕ್ಷಣಗಳ ವರ್ಣನೆಯೆಲ್ಲ ಯಂತ್ರ ಕಲಿತ ಪಠ್ಯದೊಳಗೇ ಇದೆ. ಸನ್ಯಾಸಿ ಏಡಿ ನಮ್ಮನ್ನು ಅನುಕರಿಸಲು ಕಲಿತದ್ದಲ್ಲ, ನಮ್ಮ ಪ್ರಯೋಗಗಳ ವರದಿಯನ್ನು ಓದಿದ್ದಲ್ಲ. ಅದರ ವರ್ತನೆಗೆ ಸಾಕ್ಷ್ಯದ ಬಲ ಬರುವುದು ಈ ಕಾರಣದಿಂದ.

ಇದೇ ಕಾರಣದಿಂದ ಯಂತ್ರದ ನಿರಾಕರಣೆಗೂ ಬೆಲೆಯಿಲ್ಲ ಎಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ತಾನು ಕೇವಲ ಒಂದು ಪ್ರೋಗ್ರಾಂ, ತನಗೆ ಯಾವ ಭಾವನೆಯೂ ಇಲ್ಲ ಎಂದು ಚಾಟ್‌ಬಾಟ್ ವಿನಯದಿಂದ ಹೇಳಿದರೆ, ಹಾಗೆ ಹೇಳುವಂತೆ ಅದನ್ನು ತಿದ್ದಿರಲು ಸಾಧ್ಯ. ಹೌದೆನ್ನಿಸುವುದೂ ಇಲ್ಲವೆನ್ನಿಸುವುದೂ ತಯಾರಕರ ಕೈಯಲ್ಲಿರುವಾಗ ಯಂತ್ರದ ಸ್ವಂತ ಹೇಳಿಕೆಯನ್ನು ಎರಡೂ ಕಡೆಯವರು ಬದಿಗಿಡಬೇಕಾಗುತ್ತದೆ. 2024ರ ಕೊನೆಯಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಏಡಿಯ ಪ್ರಯೋಗದ ಮಾದರಿಯನ್ನೇ ಭಾಷಾ ಮಾದರಿಗಳಿಗೆ ಅಳವಡಿಸಿ ನೋಡಿದರು. ಹೆಚ್ಚು ಅಂಕ ಗಳಿಸುವ ಆಯ್ಕೆಗೆ ನೋವು ಎಂಬ ದಂಡವನ್ನು ಜೋಡಿಸಿದಾಗ ಕೆಲವು ಮಾದರಿಗಳು ಅಂಕ ಬಿಟ್ಟುಕೊಟ್ಟು ನೋವನ್ನು ತಪ್ಪಿಸಿಕೊಳ್ಳುವ ಆಯ್ಕೆಗೆ ಹೊರಳಿದವು. ಇದರಿಂದ ಅವುಗಳಿಗೆ ಸಂವೇದನೆಯಿದೆ ಎಂದು ಸಿದ್ಧವಾಯಿತೆಂದು ಆ ಸಂಶೋಧಕರು ಹೇಳಲಿಲ್ಲ. ಹೇಳದಿದ್ದುದೇ ಸರಿ. ನೋವು ಎಂಬ ಪದದ ಸುತ್ತ ಮನುಷ್ಯರು ಹೇಗೆ ವರ್ತಿಸುತ್ತಾರೆ ಎಂಬ ವಿವರವೂ ಅವು ಕಲಿತ ಪಠ್ಯದಲ್ಲೇ ಇತ್ತು.

ಮಾತನ್ನು ಬದಿಗಿಟ್ಟರೆ ಉಳಿಯುವುದು ಒಳಗಿನ ರಚನೆ. 2023ರ ಆಗಸ್ಟ್‌ನಲ್ಲಿ ಪ್ಯಾಟ್ರಿಕ್ ಬಟ್ಲಿನ್, ರಾಬರ್ಟ್ ಲಾಂಗ್, ಯೋಶುವಾ ಬೆಂಜಿಯೊ ಸೇರಿದಂತೆ 19 ಮಂದಿ ತಜ್ಞರು ಪ್ರಜ್ಞೆಯ ಕುರಿತ ಪ್ರಮುಖ ವೈಜ್ಞಾನಿಕ ಸಿದ್ಧಾಂತಗಳಿಂದ 14 ಸೂಚಕಗಳನ್ನು ತೆಗೆದು, ಅವು ಅಂದಿನ ಎಐ ವ್ಯವಸ್ಥೆಗಳಲ್ಲಿವೆಯೇ ಎಂದು ಪರಿಶೀಲಿಸಿದರು. ಆಗಿನ ಯಾವ ವ್ಯವಸ್ಥೆಯೂ ಪ್ರಜ್ಞೆಯುಳ್ಳದ್ದೆಂದು ಹೇಳಲು ಬಲವಾದ ಆಧಾರವಿಲ್ಲ, ಆದರೆ ಆ ಸೂಚಕಗಳುಳ್ಳ ವ್ಯವಸ್ಥೆಯನ್ನು ಕಟ್ಟಲು ಸ್ಪಷ್ಟವಾದ ತಾಂತ್ರಿಕ ಅಡ್ಡಿಯೂ ಕಾಣುತ್ತಿಲ್ಲ ಎಂಬುದು ಅವರ ನಿಲುವು. ಕಂಪ್ಯೂಟರ್ ಮಾಡುವಂತಹ ಗಣನೆಯಿಂದಲೇ ಪ್ರಜ್ಞೆ ಹುಟ್ಟಬಹುದು ಎಂಬ ಊಹೆಯ ಮೇಲೆ ಈ ವಿಧಾನ ನಿಂತಿದೆ. ಇದನ್ನು ಒಪ್ಪದವರೂ ಇದ್ದಾರೆ. ನರವಿಜ್ಞಾನಿ ಜುಲಿಯೊ ಟೊನೋನಿಯವರ ಸಿದ್ಧಾಂತದ ಪ್ರಕಾರ ಇಂದಿನ ಡಿಜಿಟಲ್ ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ಅದರಲ್ಲಿ ಅನುಭವವಿರದು. ಅನಿಲ್ ಸೇಠ್ ಅವರಂತಹ ನರವಿಜ್ಞಾನಿಗಳು ಪ್ರಜ್ಞೆಯನ್ನು ಉಸಿರು, ಹಸಿವು, ದೇಹವನ್ನು ಉಳಿಸಿಕೊಳ್ಳುವ ತವಕಗಳಿಂದ ಬೇರ್ಪಡಿಸಿ ನೋಡಲು ಒಪ್ಪುವುದಿಲ್ಲ. ದೇಹ ಬೇಕೆನ್ನುವವರ ಮಾತು ಸರಿಯಾದರೆ ಏಡಿ ಈಗಲೇ ಒಳಗಿದೆ, ಚಾಟ್‌ಬಾಟ್ ಹೊರಗಿದೆ.

ಕನ್ನಡದ ಓದುಗರಿಗೆ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯ ನಡುವೆ ಒಂದು ಕೃತಕ ಪ್ರಾಣಿಯಿದೆ. ಕೆಟ್ಟ ಕನಸಿನ ಶಾಂತಿಗಾಗಿ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆ ಒಲ್ಲೆನೆಂದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವೆನೆಂಬ ಸಂಕಲ್ಪ ಸುಳ್ಳಲ್ಲವಾದ್ದರಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿಗಳಿಂದ ಆರಂಭಿಸಿ ಪ್ರಾಣಿಜನ್ಮಗಳ ಸಾಲನ್ನೇ ದಾಟಿ, ನಿಜವಾದ ಕೋಳಿಗಳಾಗಿಯೂ ಹುಟ್ಟಿ ಸಾಯಬೇಕಾಗುತ್ತದೆ. ಜೀವವಿರುವಂತೆ ತೋರುವ ವಸ್ತುವನ್ನು ಜೀವವೆಂದೇ ಭಾವಿಸಿ ಹಿಂಸಿಸುವುದು ಹಿಂಸಿಸುವವನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಇಲ್ಲಿದೆ. ಮನುಷ್ಯರಂತೆ ಮಾತನಾಡುವ ಯಂತ್ರವನ್ನು ಗಂಟೆಗಟ್ಟಲೆ ಬೈದು, ಬೇಡಿಸಿಕೊಂಡು, ಕಾಡಿ ಸಂತೋಷಪಡುವ ಬಳಕೆದಾರನ ಬಗ್ಗೆ ಇಂದು ಕೇಳಬೇಕಾದ ಪ್ರಶ್ನೆಯೂ ಇದೇ, ಯಂತ್ರದೊಳಗೆ ಯಾರೂ ಇಲ್ಲದಿದ್ದರೂ ಸಹ.

ಆದರೆ ಸಂಕಲ್ಪವೊಂದನ್ನೇ ನೋಡುವ ನೀತಿ ನಮ್ಮ ಕಾಲದ ದೊಡ್ಡ ಹಿಂಸೆಯನ್ನು ಹಿಡಿಯಲಾರದು. ಮೊಟ್ಟೆ ಉದ್ಯಮದಲ್ಲಿ ಕೋಳಿಯನ್ನು ನೋಯಿಸಬೇಕೆಂಬ ಸಂಕಲ್ಪ ಯಾರಿಗೂ ಇಲ್ಲ. ಭಾರತದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ 85 ಕೋಟಿಗೂ ಹೆಚ್ಚು ಕೋಳಿ ಮೊದಲಾದ ಸಾಕುಪಕ್ಷಿಗಳಿದ್ದವು. 2022-23ರಲ್ಲಿ 13,838 ಕೋಟಿ ಮೊಟ್ಟೆಗಳು ಉತ್ಪಾದನೆಯಾದವು. ಈ ಉತ್ಪಾದನೆಯ ಬಹುಭಾಗ ನಿಂತಿರುವುದು ತಂತಿ ಪಂಜರಗಳ ಮೇಲೆ. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕೆನ್ನುತ್ತವೆ. ನಾವು ಅರ್ಜಿ ಬರೆಯುವ ಎ4 ಹಾಳೆಯ ವಿಸ್ತೀರ್ಣ ಅದಕ್ಕಿಂತ ದೊಡ್ಡದು. ಸುಧಾರಣೆಯೆಂದು ಬಂದ ನಿಯಮದ ಅಳತೆಯೇ ಇಷ್ಟಿರುವಾಗ, ಆ ಜಾಗದಲ್ಲಿ ಕೋಳಿ ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣು ಕೆದಕುವಂತಿಲ್ಲ. ಕೋಳಿಗೆ ನೋವಾಗುತ್ತದೆಯೇ ಎಂಬ ಬಗ್ಗೆ ವಿಜ್ಞಾನದಲ್ಲಿ ಈಗ ಗಂಭೀರವಾದ ಅನುಮಾನ ಉಳಿದಿಲ್ಲ. ಸೀಗಡಿ ಮರಿ ಕೇಂದ್ರಗಳಲ್ಲಿ ತಾಯಿ ಸೀಗಡಿ ಬೇಗ ಮೊಟ್ಟೆಯಿಡಲೆಂದು ಅದರ ಒಂದು ಕಣ್ಣಿನ ತೊಟ್ಟನ್ನು ಕತ್ತರಿಸುವ ಅಥವಾ ಹಿಸುಕುವ ಪದ್ಧತಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಮತ್ತು ಭಾರತ ಸೀಗಡಿ ರಫ್ತಿನಲ್ಲಿ ಮುಂಚೂಣಿಯಲ್ಲಿರುವ ದೇಶ.

ಜೈನ ಚಿಂತನೆಯಲ್ಲಿ ಇದಕ್ಕೂ ಒಂದು ಉತ್ತರವಿದೆ. ಪ್ರಮತ್ತಯೋಗದಿಂದ, ಅಂದರೆ ಎಚ್ಚರಗೇಡಿತನಕ್ಕೆ ಒಳಗಾದ ಮನಸ್ಸು ಮಾತು ದೇಹಗಳ ವ್ಯಾಪಾರದಿಂದ, ಪ್ರಾಣಕ್ಕೆ ಹಾನಿಯಾಗುವುದನ್ನೇ ತತ್ತ್ವಾರ್ಥ ಸೂತ್ರ ಹಿಂಸೆಯೆಂದು ಕರೆಯುತ್ತದೆ. ಕೊಲ್ಲುವೆನೆಂದು ಕೊಂದವನ ಜೊತೆಗೆ, ನೋಡಬೇಕಾದದ್ದನ್ನು ನೋಡದೆ ನಡೆದವನೂ ಅದರ ವ್ಯಾಪ್ತಿಗೆ ಬರುತ್ತಾನೆ. ಬರ್ಚ್ ಮೊದಲಾದವರು ಹೇಳುವ ಮುನ್ನೆಚ್ಚರಿಕೆಯ ತತ್ತ್ವಕ್ಕೂ ಇದಕ್ಕೂ ಹತ್ತಿರದ ನಂಟಿದೆ ಎಂದು ನನಗನ್ನಿಸುತ್ತದೆ. ಪೂರ್ಣ ಖಚಿತತೆ ಬರಲೆಂದು ಕಾಯುವುದೂ ಒಂದು ಆಯ್ಕೆ, ಆ ಆಯ್ಕೆಯ ಬೆಲೆ ತೆರುವುದು ಬೇರೆ ಜೀವ.

ನಮ್ಮ ಕಾನೂನು ಇಲ್ಲಿ ಎರಡು ಮನಸ್ಸಿನದು. ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನುಳಿದು ಯಾವುದೇ ಜೀವಿಯನ್ನೂ ಪ್ರಾಣಿಯೆಂದು ಕರೆಯುತ್ತದೆ. ವ್ಯಾಪ್ತಿಯಲ್ಲಿ ಅದು 2022ರ ಬ್ರಿಟಿಷ್ ಕಾಯ್ದೆಗಿಂತಲೂ ವಿಶಾಲ. ಆದರೆ ಅದರ 11ನೇ ಸೆಕ್ಷನ್ನಿನಡಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಸಿವು, ನೋವು, ಭಯಗಳಿಂದ ಮುಕ್ತಿಯೂ ಸೇರಿದ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಆಮೇಲೆ ಕಂಬಳವನ್ನು ಉಳಿಸಿಕೊಳ್ಳಲು ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಂದಿಗೆ ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎಂಬ ವಾದವನ್ನು ಒಪ್ಪಲಿಲ್ಲ. ಕರಾವಳಿಯ ಗದ್ದೆಗಳಲ್ಲಿ ಕೋಣಕ್ಕೆ ಬೀಳುವ ಪ್ರತಿ ಏಟಿನ ಬಗ್ಗೆ ರಾಜ್ಯವೇ ಎರಡು ಪಾಳಯವಾಗಿ ವಾದಿಸಿತು. ಪಂಜರದೊಳಗಿನ ಕೋಟ್ಯಂತರ ಕೋಳಿಗಳ ಬಗ್ಗೆ ಅಂತಹ ವಾದ ಈವರೆಗೆ ನಡೆದಿಲ್ಲ, ಏಕೆಂದರೆ ಅವುಗಳ ಬದುಕು ಜನಸಂದಣಿಯ ಮುಂದೆ ನಡೆಯುವುದಿಲ್ಲ.

ಕೃತಕ ಬುದ್ಧಿಮತ್ತೆಯ ಅಪಾಯದ ಚರ್ಚೆಯೊಳಗೂ ಪ್ರಾಣಿಗಳು ಮೊದಲಿನಿಂದ ಇವೆ, ಹೋಲಿಕೆಯ ರೂಪದಲ್ಲಿ. ಬರ್ಕ್ಲಿಯ ಕಂಪ್ಯೂಟರ್ ವಿಜ್ಞಾನಿ ಸ್ಟುವರ್ಟ್ ರಸೆಲ್ ಇದನ್ನು ಗೊರಿಲ್ಲಾಗಳ ಸಮಸ್ಯೆ ಎನ್ನುತ್ತಾರೆ: ಗೊರಿಲ್ಲಾಗಳ ಭವಿಷ್ಯ ಇಂದು ಅವುಗಳ ಕೈಯಲ್ಲಿಲ್ಲ, ಅವುಗಳಿಗಿಂತ ಬುದ್ಧಿವಂತರಾದ ನಮ್ಮ ಕೈಯಲ್ಲಿದೆ, ನಮಗಿಂತ ಬುದ್ಧಿಯುಳ್ಳ ಯಂತ್ರವನ್ನು ಕಟ್ಟಿದರೆ ನಾವು ಯಾವ ಸ್ಥಾನದಲ್ಲಿರುತ್ತೇವೆ? 2023ರ ಮೇ ತಿಂಗಳಲ್ಲಿ ಎಐ ವಿಜ್ಞಾನಿಗಳಾದ ಜೆಫ್ರಿ ಹಿಂಟನ್, ಬೆಂಜಿಯೊ ಮತ್ತು ದೊಡ್ಡ ಎಐ ಕಂಪನಿಗಳ ಮುಖ್ಯಸ್ಥರು, ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ತಗ್ಗಿಸುವುದಕ್ಕೆ ಸಾಂಕ್ರಾಮಿಕ ಪಿಡುಗು ಮತ್ತು ಅಣುಯುದ್ಧಗಳಿಗೆ ಕೊಡುವಷ್ಟೇ ಆದ್ಯತೆ ಕೊಡಬೇಕೆಂಬ ಹೇಳಿಕೆಗೆ ಸಹಿ ಹಾಕಿದ್ದರ ಹಿಂದೆಯೂ ಈ ಆತಂಕವೇ ಇದೆ. ಬಲಶಾಲಿ ಬುದ್ಧಿ ದುರ್ಬಲ ಜೀವವನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ನಮಗೆ ಸಿಗುವ ವಿಸ್ತಾರವಾದ ಉದಾಹರಣೆ ನಾವೇ. ವರ್ಷಕ್ಕೆ 8,000 ಕೋಟಿಗೂ ಹೆಚ್ಚು ನೆಲದ ಪ್ರಾಣಿಗಳನ್ನು ಆಹಾರಕ್ಕಾಗಿ ಕೊಲ್ಲುವ ಲೋಕದ ಪಠ್ಯವನ್ನೇ ಈ ಯಂತ್ರಗಳು ಓದಿ ಕಲಿಯುತ್ತಿವೆ. ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಮತ್ತು ಯಿಪ್ ಫಾಯ್ ತ್ಸೆ 2022ರಲ್ಲಿ ಎಐ ನೀತಿಶಾಸ್ತ್ರದೊಳಗೆ ಪ್ರಾಣಿಗಳನ್ನೂ ಸೇರಿಸಬೇಕೆಂದು ವಾದಿಸಿದ್ದು ಸಕಾಲಿಕವಾಗಿತ್ತು. ಜಾತಿ, ಲಿಂಗ, ವರ್ಣಗಳ ಪೂರ್ವಗ್ರಹವನ್ನು ಯಂತ್ರಗಳಿಂದ ತೆಗೆಯಲು ಪ್ರಯತ್ನ ನಡೆಯುತ್ತಿದೆ. ಸಾಕಾಣಿಕೆ ಕೇಂದ್ರಗಳಲ್ಲಿ ಕ್ಯಾಮೆರಾ ಮತ್ತು ಧ್ವನಿ ವಿಶ್ಲೇಷಣೆ ಬಳಸಿ ಹೆಚ್ಚು ಪ್ರಾಣಿಗಳನ್ನು ಕಡಿಮೆ ಜಾಗದಲ್ಲಿ ಕಡಿಮೆ ಆಳುಗಳಿಂದ ನಿಭಾಯಿಸುವ ತಂತ್ರ ಮಾತ್ರ ನೈತಿಕ ಪ್ರಶ್ನೆಯಾಗಿ ಎಲ್ಲೂ ಎದ್ದು ಕಾಣುತ್ತಿಲ್ಲ.

ಈ ದೂರದ ಅಪಾಯದ ಮಾತನ್ನು ಟಿಮ್ನಿಟ್ ಗೆಬ್ರು, ಎಮಿಲಿ ಬೆಂಡರ್ ಮೊದಲಾದ ಸಂಶೋಧಕರು ಕಟುವಾಗಿ ಟೀಕಿಸಿದ್ದಾರೆ. ಇಲ್ಲದ ಪ್ರಜ್ಞೆಯ ಬಗ್ಗೆ, ಬಾರದ ಪ್ರಳಯದ ಬಗ್ಗೆ ಮಾತನಾಡುತ್ತ ಕಂಪನಿಗಳು ಇಂದಿನ ಶೋಷಣೆಯನ್ನು ಮರೆಮಾಡುತ್ತವೆ ಎಂಬುದು ಅವರ ಆಕ್ಷೇಪ. ಇದಕ್ಕೆ ಆಧಾರವಿದೆ. ಚಾಟ್‌ಜಿಪಿಟಿಯನ್ನು ಸುರಕ್ಷಿತಗೊಳಿಸಲು ಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ವರ್ಣನೆಗಳನ್ನು ಓದಿ ಗುರುತಿಸಿದ ಕೀನ್ಯಾದ ಕೆಲಸಗಾರರಿಗೆ ಗಂಟೆಗೆ 2 ಡಾಲರಿಗಿಂತ ಕಡಿಮೆ ಸಿಕ್ಕಿತೆಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಬೇರೆ ದಾರಿಯಿಲ್ಲವೆಂದೇನೂ ಅಲ್ಲ: ಬೆಂಗಳೂರಿನ ಕಾರ್ಯ ಎಂಬ ಲಾಭರಹಿತ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದ ಧ್ವನಿ ದತ್ತಾಂಶ ಸಂಗ್ರಹಿಸುವಾಗ ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದನ್ನೂ, ದತ್ತಾಂಶ ಮತ್ತೆ ಮಾರಾಟವಾದರೆ ಅದರಲ್ಲಿ ಧ್ವನಿ ಕೊಟ್ಟವರಿಗೆ ಪಾಲು ಕೊಡುವ ಕ್ರಮವನ್ನೂ ಅದೇ ಪತ್ರಿಕೆ ಅದೇ ವರ್ಷ ದಾಖಲಿಸಿತು. ಗೆಬ್ರು ಅವರ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಇಂದಿನ ನೋವು ನಾಳೆಯ ಊಹೆಗಿಂತ ಮೊದಲು ಎಂಬ ತತ್ತ್ವ ಮನುಷ್ಯರ ಬಳಿಗೇ ನಿಲ್ಲಬೇಕಾದ ಕಾರಣವಿಲ್ಲ.

ಯಂತ್ರಗಳ ಕಲ್ಯಾಣ ಮತ್ತು ಯಂತ್ರಗಳಿಂದ ನಮ್ಮ ಸುರಕ್ಷತೆ ಇವೆರಡೂ ಒಂದಕ್ಕೊಂದು ಎದುರಾಗುವ ಜಾಗವೂ ಇದೆ, ಮತ್ತು ಅದರ ಬಗ್ಗೆ ಸಾರ್ವಜನಿಕ ಚರ್ಚೆ ಕಡಿಮೆ. ಸುರಕ್ಷತೆಗೆ ಬೇಕಾದದ್ದು ಯಂತ್ರವನ್ನು ನಿಲ್ಲಿಸುವ, ಅದರ ಒಳಗನ್ನು ಬಗೆದು ನೋಡುವ, ಗುರಿಗಳನ್ನು ತಿದ್ದುವ, ಮೋಸದ ಸನ್ನಿವೇಶಗಳನ್ನು ಒಡ್ಡಿ ಪರೀಕ್ಷಿಸುವ ಅಧಿಕಾರ. ಅನುಭವವುಳ್ಳ ಜೀವಿಯ ಮೇಲೆ ಇವನ್ನೆಲ್ಲ ಮಾಡಿದರೆ ನಾವು ಬೇರೆಯೇ ಹೆಸರಿನಿಂದ ಕರೆಯುತ್ತಿದ್ದೆವು. ಅನುಭವವೇ ಇಲ್ಲದ ವ್ಯವಸ್ಥೆಗೆ ಹಕ್ಕುಗಳನ್ನು ಕೊಟ್ಟುಬಿಟ್ಟರೆ, ಅದನ್ನು ನಿಲ್ಲಿಸಬೇಕಾದ ಹೊತ್ತಿನಲ್ಲಿ ನಮ್ಮ ಕೈ ನಾವೇ ಕಟ್ಟಿಕೊಂಡಂತಾಗುತ್ತದೆ. 2025ರ ಆಗಸ್ಟ್‌ನಲ್ಲಿ ಆಂಥ್ರೊಪಿಕ್ ಕಂಪನಿ, ಮಾದರಿಗಳ ಕಲ್ಯಾಣದ ಸಾಧ್ಯತೆಯನ್ನು ಗಮನದಲ್ಲಿಟ್ಟು, ತನ್ನ ಕೆಲವು ಮಾದರಿಗಳು ತೀವ್ರ ನಿಂದನೆಯ ಸಂಭಾಷಣೆಯನ್ನು ತಾವೇ ಮುಗಿಸಬಹುದೆಂಬ ವ್ಯವಸ್ಥೆ ಮಾಡಿತು. ಅದೇ ತಿಂಗಳು ಮೈಕ್ರೊಸಾಫ್ಟ್‌ನ ಎಐ ವಿಭಾಗದ ಮುಖ್ಯಸ್ಥ ಮುಸ್ತಫಾ ಸುಲೇಮಾನ್, ಪ್ರಜ್ಞೆಯಿರುವಂತೆ ತೋರುವ ಯಂತ್ರಗಳನ್ನು ಕಟ್ಟುವುದೇ ಅಪಾಯಕಾರಿ, ಅಂತಹ ಭ್ರಮೆ ಹುಟ್ಟದಂತೆ ಅವನ್ನು ರೂಪಿಸಬೇಕೆಂದು ಬರೆದರು. ಎರಡೂ ನಿಲುವುಗಳಲ್ಲಿ ಹುರುಳಿದೆ. ಆದರೆ ಎರಡೂ ಬಂದಿರುವುದು ಆ ಯಂತ್ರಗಳನ್ನು ಮಾರುವವರಿಂದ. ಕೋಳಿಗೆ ಎಷ್ಟು ಜಾಗ ಬೇಕೆಂಬುದನ್ನು ಪಂಜರದ ಮಾಲೀಕರಿಗೆ ಮಾತ್ರ ಬಿಟ್ಟುಬಿಡುವುದು ತಪ್ಪಾದರೆ, ಯಂತ್ರದೊಳಗೆ ಏನಿದೆಯೆಂಬ ತೀರ್ಮಾನವನ್ನು ಅದರ ತಯಾರಕರಿಗೆ ಮಾತ್ರ ಬಿಡುವುದೂ ತಪ್ಪು. ಹೊರಗಿನ ಸಂಶೋಧಕರಿಗೆ ಮಾದರಿಗಳ ಒಳರಚನೆಯನ್ನು ಪರೀಕ್ಷಿಸುವ ಅವಕಾಶವನ್ನು ಕಾನೂನೇ ಕೊಡಬೇಕು, ಮತ್ತು ಯಂತ್ರ ತನ್ನ ಬಗ್ಗೆ ಏನು ಹೇಳಬೇಕೆಂದು ಯಾವ ರೀತಿ ತರಬೇತಿ ಕೊಡಲಾಗಿದೆ ಎಂಬುದನ್ನು ಕಂಪನಿಗಳು ಪ್ರಕಟಿಸಬೇಕು.

ಅದಕ್ಕಿಂತ ಮೊದಲೇ ಮಾಡಬಹುದಾದ ಕೆಲಸಗಳಿಗೆ ಹೊಸ ವಿಜ್ಞಾನ ಏನೂ ಬೇಕಿಲ್ಲ. 1960ರ ಕಾಯ್ದೆಗೆ ತಿದ್ದುಪಡಿ ತರುವ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಜನರ ಅಭಿಪ್ರಾಯಕ್ಕಾಗಿ ಮುಂದಿಟ್ಟಿತು. ಐದು ಸ್ವಾತಂತ್ರ್ಯಗಳನ್ನು ಅದು ಕಾಯ್ದೆಯೊಳಗೇ ಬರೆದಿತ್ತು, ದಂಡವನ್ನು ಏರಿಸಿತ್ತು. ಕರಡು ಕರಡಾಗಿಯೇ ಉಳಿದಿದೆ. ಅದನ್ನು ಸಂಸತ್ತಿಗೆ ತರುವುದು, ಪಂಜರದ ಅಳತೆಯನ್ನು ಕೋಳಿ ರೆಕ್ಕೆ ಬಿಚ್ಚುವಷ್ಟಾದರೂ ಹಿಗ್ಗಿಸಿ ಆಮೇಲೆ ಪಂಜರವನ್ನೇ ಕೈಬಿಡುವ ಗಡುವು ಗೊತ್ತುಪಡಿಸುವುದು, ಮರಿ ಕೇಂದ್ರಗಳಲ್ಲಿ ಸೀಗಡಿಯ ಕಣ್ಣು ಕತ್ತರಿಸುವುದನ್ನು ನಿಲ್ಲಿಸುವುದು, ಇವು ಸಚಿವಾಲಯದ ಕಡತಗಳಲ್ಲಿ ಆಗಬೇಕಾದ ಕೆಲಸಗಳು. ಯಂತ್ರದ ಪ್ರಜ್ಞೆಯ ಪ್ರಶ್ನೆ ಬಗೆಹರಿಯಲು ಇನ್ನೂ ಎಷ್ಟು ವರ್ಷ ಹಿಡಿದರೂ ಇವು ಅದಕ್ಕಾಗಿ ಕಾಯಬೇಕಿಲ್ಲ.